ನೀರು ನೋಡಿ ರಾಡ್ ಆರಿಸಿ: ತೊರೆಗೊಂದು, ಹೊಳೆಗೊಂದು, ಕೆರೆಗೊಂದು, ಕಡಲಿಗೊಂದು

ಫ್ಲೈ ರಾಡ್ ಅಂದರೆ ಗರಿ, ನೂಲು ಸುತ್ತಿದ ಹಗುರ ಗಾಳ ಎಸೆದು ಮೀನು ಹಿಡಿಯುವ ಕೋಲು. ಯಾವ ಫ್ಲೈ ರಾಡ್ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಮೀನು ನಿಮ್ಮಿಂದ ಎಷ್ಟು ದೂರದಲ್ಲಿ ಇರುತ್ತದೆ? ಹೆಚ್ಚಿನವರು ಮೀನಿನ ಹೆಸರು ಹೇಳುತ್ತಾರೆ, ತೂಕ ಹೇಳುತ್ತಾರೆ, ಕಣ್ಣಿಟ್ಟಿರುವ ಕಂಪನಿಯ ಹೆಸರನ್ನೂ ಹೇಳುತ್ತಾರೆ. ದೂರ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ. 15 ಅಡಿಯಲ್ಲಿ ಮೀನಿರುವ ತೊರೆಗೆ 80 ಅಡಿ ಎಸೆಯುವ ರಾಡ್ ಒಯ್ದರೆ ಅದು ಬಾಗುವುದೇ ಇಲ್ಲ. ಬಾಗದಿದ್ದರೆ ಎಸೆತದ ಕೆಲಸವೆಲ್ಲ ನಿಮ್ಮ ಭುಜದ ಮೇಲೆ ಬೀಳುತ್ತದೆ.

ನನ್ನ ಹತ್ತಿರ ಈಗ ನಾಲ್ಕು ರಾಡ್ ಇವೆ. ವೇಟ್ ಅಂದರೆ ಏನು ಅಂತ ಮುಂದೆ ಹೇಳುತ್ತೇನೆ. ಏಳೂವರೆ ಅಡಿಯ 3 ವೇಟ್ ಫೈಬರ್‌ಗ್ಲಾಸ್. ಒಂಬತ್ತು ಅಡಿಯ 5 ವೇಟ್. ಹತ್ತೂವರೆ ಅಡಿಯ 3 ವೇಟ್, ನಿಂಫ್ ಆಡಿಸುವುದಕ್ಕೆ, ಅಂದರೆ ನೀರೊಳಗಿನ ಮರಿಹುಳುವಿನಂತೆ ಕಟ್ಟಿದ, ಮುಳುಗುವ ಫ್ಲೈ. ಒಂಬತ್ತು ಅಡಿಯ 8 ವೇಟ್, ಕಡಲಿಗೆ. ಜಾಸ್ತಿ ದುಡಿಯುವುದು 5 ವೇಟ್. ಜಾಸ್ತಿ ಇಷ್ಟದ್ದು ಮೊದಲನೆಯದು. ಇಷ್ಟದ ರಾಡೇ ಎಲ್ಲ ಕಡೆ ಕೆಲಸಕ್ಕೆ ಬರಬೇಕು ಅಂತ ಹಟ ಹಿಡಿದರೆ ಯಾವ ನೀರಿಗೂ ಸರಿಹೋಗದ ಒಂದು ರಾಡ್ ಮನೆಗೆ ಬರುತ್ತದೆ, ಅಷ್ಟೇ.

ರಾಡ್ ಮೇಲಿನ ನಂಬರ್

ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: 9 ಅಡಿ, 5 ವೇಟ್, 4 ಪೀಸ್. ಇದರಲ್ಲಿ 5 ಅನ್ನುವುದು ರಾಡಿನ ತೂಕ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ರಾಡಿಗೆ ಹಾಕಬೇಕಾದ ಲೈನಿನ ನಂಬರ್.

ಮಾಮೂಲಿ ಗಾಳದಲ್ಲಿ ಸೀಸದ ಗುಂಡೋ ಲೂರೋ ತನ್ನ ತೂಕದಿಂದ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಅಂದರೆ ಗಾಳಕ್ಕೆ ಸುತ್ತಿದ ಚೂರು ಗರಿ, ಚೂರು ನೂಲು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ಇಲ್ಲಿ ಲೈನೇ ತೂಕ. ಲೈನ್ ಹಿಂದಕ್ಕೆ ಹಾರಿ ಚಾಚಿಕೊಂಡಾಗ ರಾಡನ್ನು ಬಗ್ಗಿಸುತ್ತದೆ, ಬಗ್ಗಿದ ರಾಡ್ ನೆಟ್ಟಗಾಗುವಾಗ ಲೈನನ್ನು ಮುಂದಕ್ಕೆ ಕಳಿಸುತ್ತದೆ, ಫ್ಲೈ ಸುಮ್ನೆ ಜೊತೆಗೆ ಹೋಗುತ್ತದೆ. ಇಷ್ಟು ತಲೆಗೆ ಹೋದರೆ ರಾಡ್ ಆರಿಸುವ ಅರ್ಧ ಕೆಲಸ ಮುಗಿಯಿತು.

ಹಿಂದೆ ರೇಷ್ಮೆ ಲೈನ್ ಇದ್ದ ಕಾಲದಲ್ಲಿ ಲೈನಿನ ದಪ್ಪಕ್ಕೆ ಅಕ್ಷರ ಕೊಡುತ್ತಿದ್ದರು. ಎಲ್ಲವೂ ರೇಷ್ಮೆಯೇ ಆಗಿದ್ದರಿಂದ ದಪ್ಪ ಗೊತ್ತಾದರೆ ತೂಕವೂ ಗೊತ್ತಾಗುತ್ತಿತ್ತು. ನೈಲಾನ್, ಪ್ಲಾಸ್ಟಿಕ್ ಲೇಪದ ಲೈನ್ ಬಂದ ಮೇಲೆ ಆ ಲೆಕ್ಕ ಕೆಟ್ಟುಹೋಯಿತು. ಒಂದೇ ದಪ್ಪ, ಬೇರೆ ಬೇರೆ ತೂಕ. ಆಗ, 1960ರ ಆಸುಪಾಸಿನಲ್ಲಿ, ಅಮೆರಿಕದ ಗಾಳದ ಸಾಮಾನು ತಯಾರಕರ ಸಂಘ ಲೈನಿನ ಮೊದಲ 30 ಅಡಿಯನ್ನು ತೂಗಿ ನಂಬರ್ ಕೊಡುವ ಪದ್ಧತಿ ತಂದಿತು. ತೂಕ ಗ್ರೇನ್ ಲೆಕ್ಕದಲ್ಲಿ. 3ನೇ ನಂಬರ್ ಅಂದರೆ 100 ಗ್ರೇನ್, ಸುಮಾರು ಆರೂವರೆ ಗ್ರಾಂ. 5 ಅಂದರೆ 140 ಗ್ರೇನ್, 9 ಗ್ರಾಂ ಚಿಲ್ಲರೆ. 8 ಅಂದರೆ 210 ಗ್ರೇನ್, ಹದಿಮೂರೂವರೆ ಗ್ರಾಂ.

ಈ 30 ಅಡಿಯನ್ನು ನೆನಪಿಟ್ಟುಕೊಳ್ಳಿ. ರಾಡಿನ ತುದಿಯಿಂದ ಆಚೆಗೆ ಅಷ್ಟು ಲೈನ್ ಇದ್ದಾಗ ಮಾತ್ರ ನಂಬರಿಗೆ ತಕ್ಕ ತೂಕ ರಾಡಿನ ಮೇಲೆ ಬೀಳುತ್ತದೆ. 12 ಅಡಿ ಲೈನ್ ಮಾತ್ರ ಹೊರಗಿದ್ದರೆ ಅರ್ಧ ತೂಕವೂ ಇರುವುದಿಲ್ಲ.

ಸಣ್ಣ ತೊರೆ

ಇದು ನನಗೆ ಪ್ರಿಯವಾದ ನೀರು, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಒಂದು ದಡದಿಂದ ಇನ್ನೊಂದು ದಡಕ್ಕೆ ನಾಲ್ಕೈದು ಹೆಜ್ಜೆ. ಮೇಲೆ ಕೊಂಬೆಗಳ ಚಪ್ಪರ. ಬಂಡೆಯ ಹಿಂದೆ ಮೊಣಕಾಲುದ್ದದ ಮಡು, ಅದರಲ್ಲಿ ಅಂಗೈಯಗಲದ ಟ್ರೌಟ್. ನೀವು ನೆಟ್ಟಗೆ ನಿಂತರೆ ಸಾಕು, ಮೀನು ಮಾಯ. ಮಂಡಿಯೂರಿ, ಬಂಡೆಯ ಮರೆಯಲ್ಲಿ ಕೂತು, 10ರಿಂದ 20 ಅಡಿ ಎಸೆಯಬೇಕು. ಹಿಂದಕ್ಕೆ ಲೈನ್ ಹಾರಿಸೋಣ ಅಂದರೆ ಜಾಗವಿಲ್ಲ.

ಇಲ್ಲಿಗೆ ಆರೂವರೆಯಿಂದ ಏಳೂವರೆ ಅಡಿ ಉದ್ದದ, 2ರಿಂದ 4 ವೇಟಿನ, ಮೆತ್ತಗೆ ಬಾಗುವ ರಾಡ್ ಬೇಕು. ಗಿಡ್ಡ ರಾಡ್ ಕೊಂಬೆಗಳ ಕೆಳಗೆ ತೂರುತ್ತದೆ. ಮೆತ್ತನೆಯ ರಾಡ್ ಕಡಿಮೆ ಲೈನಿಗೂ ಬಾಗುತ್ತದೆ. ನನ್ನ ಫೈಬರ್‌ಗ್ಲಾಸ್ ರಾಡ್ 10 ಅಡಿ ಲೈನಿಗೂ ಹಿಡಿಯ ಹತ್ತಿರದ ತನಕ ಬಗ್ಗುತ್ತದೆ. ಅದರ ಎಸೆತ ನಿಧಾನ. ಅವಸರ ಮಾಡಿದರೆ ಲೈನ್ ಗೋಜಲಾಗುತ್ತದೆ. ಹಿಂದಕ್ಕೆ ಹೋದ ಲೈನ್ ಪೂರ್ತಿ ಚಾಚಿಕೊಳ್ಳುವ ತನಕ ಕಾಯಬೇಕು, ಆಮೇಲೆ ಮುಂದಕ್ಕೆ.

ಕೊಂಬೆ ತೀರಾ ತಗ್ಗಿದ್ದಾಗ ಬಿಲ್ಲುಬಾಣದ ಎಸೆತ ಉಪಯೋಗಕ್ಕೆ ಬರುತ್ತದೆ. ರಾಡಿನ ತುದಿಯಿಂದ ರಾಡಿನಷ್ಟೇ ಉದ್ದ, ಇಲ್ಲವೇ ಸ್ವಲ್ಪ ಕಡಿಮೆ ಲೈನ್ ಮತ್ತು ಲೀಡರ್ ಬಿಡಿ. ಲೀಡರ್ ಅಂದರೆ ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ತೆಳ್ಳಗಿನ ದಾರ. ಫ್ಲೈಯನ್ನು ಗಾಳದ ಬಾಗಿನ ಹತ್ತಿರ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿರಿ. ಮೊನೆ ಬೆರಳಿನ ಆಚೆ ಇರಲಿ, ಒಳಗೆ ಇದ್ದರೆ ಚುಚ್ಚುತ್ತದೆ. ರಾಡ್ ಹಿಡಿದ ಕೈಯ ತೋರುಬೆರಳಿನಿಂದ ಲೈನನ್ನು ಕಾರ್ಕಿಗೆ ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಎಳೆದಷ್ಟೂ ಲೈನ್ ಬರುತ್ತಲೇ ಇರುತ್ತದೆ. ರಾಡಿನ ತುದಿಯನ್ನು ಮಡುವಿನ ಕಡೆ ಗುರಿಯಿಟ್ಟು, ಫ್ಲೈ ಹಿಡಿದ ಕೈಯನ್ನು ಕಿವಿಯ ತನಕ ಎಳೆಯಿರಿ. ರಾಡ್ ಅರ್ಧಚಂದ್ರದ ಹಾಗೆ ಬಗ್ಗುತ್ತದೆ. ರಾಡನ್ನು ಅಲ್ಲಾಡಿಸದೆ ಫ್ಲೈ ಬಿಡಿ. ಅದು ಕೊಂಬೆಗಳ ಕೆಳಗಿನಿಂದ ಚಿಮ್ಮಿ ಮಡುವಿನ ಮೇಲೆ ಬೀಳುತ್ತದೆ. ಬಿರುಸಾದ ರಾಡಿನಲ್ಲಿ ಇದನ್ನು ಮಾಡಿ ನೋಡಿ, ತುದಿ ಮಾತ್ರ ಬಗ್ಗುತ್ತದೆ, ಚಿಮ್ಮುವ ಬಲ ಬರುವುದಿಲ್ಲ.

ಮೆತ್ತನೆಯ ರಾಡಿಗೆ ಇನ್ನೊಂದು ಲಾಭವಿದೆ. ಇಂಥ ತೊರೆಯಲ್ಲಿ 5ಎಕ್ಸ್, 6ಎಕ್ಸ್ ಟಿಪ್ಪೆಟ್ ಕಟ್ಟುತ್ತೇವೆ. ಟಿಪ್ಪೆಟ್ ಅಂದರೆ ಲೀಡರಿನ ಕೊನೆಯ, ಫ್ಲೈ ಕಟ್ಟುವ ತೆಳ್ಳಗಿನ ಎಳೆ. ಟಿಪ್ಪೆಟ್ ಲೆಕ್ಕ ಸುಲಭ. 11ರಿಂದ ಎಕ್ಸ್ ನಂಬರ್ ಕಳೆದರೆ ಇಂಚಿನ ಸಾವಿರದ ಪಾಲಿನಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. ಅಷ್ಟು ತೆಳ್ಳಗಿನ ಎಳೆಯ ಮೇಲೆ ಮೀನು ಒಮ್ಮೆಲೇ ತಲೆ ಕೊಡವಿದಾಗ ಏಟನ್ನು ಯಾರಾದರೂ ತಡೆದುಕೊಳ್ಳಬೇಕಲ್ವಾ? ಬಾಗುವ ರಾಡ್ ಆ ಕೆಲಸ ಮಾಡುತ್ತದೆ. ಬಿರುಸು ರಾಡಾದರೆ ಟಿಪ್ಪೆಟ್ ಪಟ್ ಅನ್ನುತ್ತದೆ.

ಕೈಯಲ್ಲಿ ಈಗಾಗಲೇ ಬಿರುಸಾದ 3 ವೇಟ್ ಇದ್ದರೆ ಹೊಸದು ತರುವ ಮುಂಚೆ ಅದಕ್ಕೆ 4ನೇ ನಂಬರ್ ಲೈನ್ ಹಾಕಿ ನೋಡಿ. ಹತ್ತಿರದ ಎಸೆತಕ್ಕೆ ಒಂದು ನಂಬರ್ ಏರಿಸಿದರೆ ಎಷ್ಟೋ ರಾಡುಗಳು ಎಚ್ಚರವಾಗುತ್ತವೆ.

ರೀಲೇ ಇಲ್ಲದ ಜಪಾನಿನ ತೆಂಕಾರಾ ಕೋಲು ಕೂಡ ಇಂಥ ಬೆಟ್ಟದ ತೊರೆಗಳಲ್ಲೇ ಹುಟ್ಟಿದ್ದು. 11ರಿಂದ 13 ಅಡಿಯ, ಒಂದರೊಳಗೊಂದು ಸೇರುವ ಕೋಲು, ತುದಿಗೆ ಕಟ್ಟಿದ ಅಷ್ಟೇ ಉದ್ದದ ಲೈನ್. ಮೇಲೆ ಬಯಲಿರುವ ತೊರೆಗೆ ಬಹಳ ಚೆನ್ನಾಗಿದೆ. ಕೊಂಬೆಗಳ ನಡುವೆ ಆ ಉದ್ದವೇ ತೊಡಕು.

ನಡುಗಾತ್ರದ ಹೊಳೆ

ಮೊದಲ ರಾಡ್, ಒಂದೇ ರಾಡ್ ಅಂತಿದ್ದರೆ ಒಂಬತ್ತು ಅಡಿಯ 5 ವೇಟ್ ತಗೊಳ್ಳಿ. ಇದರಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ. ನೀರಿನ ಮೇಲೆ ತೇಲುವ ಸಣ್ಣ ಒಣ ಫ್ಲೈ, ಎರಡು ನಿಂಫ್, ಮರಿಮೀನಿನಂತೆ ಕಟ್ಟಿದ ಸ್ವಲ್ಪ ಗಾತ್ರದ ಸ್ಟ್ರೀಮರ್, ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ. 25ರಿಂದ 50 ಅಡಿಯೊಳಗಿನ ಎಸೆತಕ್ಕೆ ಹೇಳಿ ಮಾಡಿಸಿದ್ದು.

ಒಂಬತ್ತು ಅಡಿ ಯಾಕೆ ಅನ್ನುವುದು ನೀರಿಗೆ ಇಳಿದ ಮೇಲೆ ಗೊತ್ತಾಗುತ್ತದೆ. ನಿಮಗೂ ಮೀನಿಗೂ ನಡುವೆ ಬಿರುಸಾದ ಸೆಳವು, ಮೀನಿರುವ ಕಡೆ ನಿಧಾನ ನೀರು. ಸೆಳವು ಲೈನಿನ ನಡುಭಾಗವನ್ನು ಎಳೆದುಕೊಂಡು ಹೋದರೆ ಫ್ಲೈ ನೀರಿನ ಮೇಲೆ ಗೀರು ಎಳೆದ ಹಾಗೆ ಜಾರುತ್ತದೆ. ಆ ಗೀರು ಕಂಡರೆ ಟ್ರೌಟ್ ಹತ್ತಿರವೂ ಬರುವುದಿಲ್ಲ. ಆಗ ರಾಡ್ ಎತ್ತಿ ಲೈನನ್ನು ಮೇಲ್ಹರಿವಿನ ಕಡೆ ಮಗುಚಬೇಕು. ಇದಕ್ಕೆ ಮೆಂಡ್ ಅನ್ನುತ್ತಾರೆ. ಉದ್ದ ರಾಡಿನಲ್ಲಿ ಹೆಚ್ಚು ಲೈನ್ ಎತ್ತಬಹುದು. ಏಳೂವರೆ ಅಡಿಯ ರಾಡಿನಲ್ಲಿ ಮೆಂಡ್ ಮಾಡಲು ಹೊರಟರೆ ಫ್ಲೈಯೂ ಜೊತೆಗೆ ಕದಲುತ್ತದೆ.

ಗಾಳಿ ಜಾಸ್ತಿ ಇರುವ ಬಯಲು ಹೊಳೆಯಾದರೆ, ಇಲ್ಲವೇ ಭಾರದ ಸ್ಟ್ರೀಮರ್ ಎಸೆಯುವುದೇ ಹೆಚ್ಚಾದರೆ, 6 ವೇಟಿಗೆ ಹೋಗಿ. ಬೇಸಿಗೆಯ ಸಂಜೆ ಸಣ್ಣ ಒಣ ಫ್ಲೈ ಮಾತ್ರ ಅನ್ನುವವರಿಗೆ 4 ವೇಟ್ ಇನ್ನೂ ಚಂದ. ಅದರ ಲೈನ್ ನೀರಿನ ಮೇಲೆ ಮೆಲ್ಲಗೆ ಕೂರುತ್ತದೆ.

ನಿಂಫ್ ಆಡಿಸುವ ಉದ್ದ ರಾಡ್

ಹತ್ತರಿಂದ ಹನ್ನೊಂದು ಅಡಿ, 2ರಿಂದ 4 ವೇಟ್. ಬಳುಕುವ ತುದಿ, ಗಟ್ಟಿ ಬುಡ. ಈ ರಾಡಿಗೆ ಎಸೆತ ಅನ್ನುವುದು ನೆಪಕ್ಕೆ ಮಾತ್ರ. ಟಂಗ್‌ಸ್ಟನ್ ಮಣಿಯ ಭಾರದ ನಿಂಫನ್ನು ಮೇಲ್ಹರಿವಿಗೆ ತೂರಿ, ತೆಳ್ಳಗಿನ ಉದ್ದ ಲೀಡರನ್ನು ನೀರಿನಿಂದ ಮೇಲೆಯೇ ಎತ್ತಿ ಹಿಡಿದು, ನಿಂಫ್ ತಳ ಸವರಿಕೊಂಡು ಬರುವುದನ್ನು ಬೆರಳಲ್ಲೇ ತಿಳಿಯುವ ವಿದ್ಯೆ. ಮೀನು 15–25 ಅಡಿಯಲ್ಲೇ ಇರುತ್ತದೆ. ರಾಡ್ ಎಷ್ಟು ಉದ್ದವೋ ಅಷ್ಟು ದೂರದ ಸೆಳವಿನ ಮೇಲೆ ಲೀಡರ್ ಎತ್ತಿ ಹಿಡಿಯಬಹುದು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ನಿಮ್ಮ ರೀಲ್ ಕೂರಿಸಿ, ಕೈ ಮುಂದಕ್ಕೆ ಚಾಚಿ, ರಾಡನ್ನು ನೆಲಕ್ಕೆ ಸಮವಾಗಿ ಹಿಡಿದು ನಿಧಾನಕ್ಕೆ ನೂರು ಎಣಿಸಿ. ಹನ್ನೊಂದು ಅಡಿಯ ರಾಡ್ ತಕ್ಕಡಿಯಲ್ಲಿ 90 ಗ್ರಾಂ ತೂಗಬಹುದು, ಆದರೆ ತುದಿಭಾರ ಇದ್ದರೆ ಮಣಿಕಟ್ಟಿಗೆ ಅರ್ಧ ಕಿಲೋ ಅನಿಸುತ್ತದೆ. ಇಲ್ಲಿ ಭಾರದ ರೀಲ್ ಒಳ್ಳೆಯದು, ತೂಕವನ್ನು ಹಿಡಿಯ ಕಡೆ ಎಳೆಯುತ್ತದೆ. ಹಗುರ ರೀಲಿಗೆ ಜಾಸ್ತಿ ದುಡ್ಡು ಸುರಿಯುವುದು ಈ ರಾಡಿಗಂತೂ ದಂಡ.

ಕೆರೆ ಮತ್ತು ನಿಂತ ನೀರು

ಕೆರೆಯಲ್ಲಿ ಸೆಳವಿಲ್ಲ, ಗಾಳಿ ಇದೆ. ಮೀನು ಒಂದು ಕಡೆ ನಿಲ್ಲುವುದಿಲ್ಲ, ಸುತ್ತುತ್ತಿರುತ್ತದೆ. ದಡದಿಂದ ಆಡುವವರು 50–70 ಅಡಿ ಎಸೆಯಬೇಕಾಗುತ್ತದೆ. ಒಂಬತ್ತೂವರೆಯಿಂದ ಹತ್ತು ಅಡಿಯ 6 ಅಥವಾ 7 ವೇಟ್ ಇಲ್ಲಿಗೆ ಸರಿ.

ಉದ್ದದ ಗುಟ್ಟು ಇಲ್ಲಿ ಬೇರೆ. ತೇಲುವ ಟ್ಯೂಬಿನಲ್ಲಿ ಕೂತಾಗ ನಿಮ್ಮ ಸೊಂಟ ನೀರಿನ ಮಟ್ಟದಲ್ಲೇ ಇರುತ್ತದೆ. ಗಿಡ್ಡ ರಾಡಾದರೆ ಹಿಂದಕ್ಕೆ ಹೋದ ಲೈನ್ ನೀರಿಗೆ ತಾಗುತ್ತದೆ. ದೋಣಿಯಿಂದ ಎರಡು ಮೂರು ಫ್ಲೈ ಸಾಲಾಗಿ ಕಟ್ಟಿ ಆಡುವವರು ಲೈನ್ ಎಳೆದುಕೊಂಡ ಕೊನೆಯಲ್ಲಿ ರಾಡ್ ಎತ್ತಿ, ಮೇಲಿನ ಫ್ಲೈಯನ್ನು ನೀರಿನ ಮೇಲೆ ಕುಣಿಸುತ್ತಾರೆ. ದೋಣಿಯ ತನಕ ಹಿಂಬಾಲಿಸಿದ ಮೀನು ಆ ಹೊತ್ತಲ್ಲೇ ಬಾಯಿ ಹಾಕುವುದು ಜಾಸ್ತಿ. ಹತ್ತು ಅಡಿಯ ರಾಡ್ ಆ ಕುಣಿತವನ್ನು ದೋಣಿಯಿಂದ ಸಾಕಷ್ಟು ದೂರದಲ್ಲೇ ಆಡಿಸುತ್ತದೆ.

ಕೆರೆಗೆ ಎರಡನೇ ರಾಡ್ ಕೊಳ್ಳುವ ಬದಲು ಎರಡನೇ ಲೈನ್ ಕೊಳ್ಳಿ ಅಂತ ನಾನು ಹೇಳುವುದು. ಒಂದು ತೇಲುವ ಲೈನ್, ಒಂದು ಮುಳುಗುವ ಲೈನ್. ಮುಳುಗುವ ಲೈನಿನ ಡಬ್ಬದ ಮೇಲೆ ಅದು ಸೆಕೆಂಡಿಗೆ ಎಷ್ಟು ಇಂಚು ಇಳಿಯುತ್ತದೆ ಅಂತ ಬರೆದಿರುತ್ತದೆ. 3 ಇಂಚಿನದ್ದಾದರೆ 10 ಅಡಿ ಇಳಿಯಲು 40 ಸೆಕೆಂಡ್. ಎಣಿಸಿ, ಎಳೆಯಿರಿ. ಮೀನು ಬಡಿದರೆ ಅದೇ ಎಣಿಕೆಗೆ ಮತ್ತೆ ಇಳಿಸಿ. ಮುಳುಗಿದ ಲೈನನ್ನು ಆಳದಿಂದ ಒಮ್ಮೆಲೇ ಕಿತ್ತು ಎಸೆಯಲು ಹೋಗಬೇಡಿ, ರಾಡ್ ಮುರಿಯುವ ದಾರಿ ಅದು. ಬಹುಪಾಲು ಎಳೆದುಕೊಂಡು, ಒಂದು ರೋಲ್ ಕಾಸ್ಟಿನಿಂದ, ಅಂದರೆ ಹಿಂದಕ್ಕೆ ಹಾರಿಸದೆ ಲೈನನ್ನು ಮುಂದಕ್ಕೆ ಉರುಳಿಸುವ ಎಸೆತದಿಂದ, ಮೇಲಕ್ಕೆ ತಂದು, ಆಮೇಲೆ ಎಸೆಯಿರಿ. ರಾಡಿನ ಬುಡದಲ್ಲಿ ಕಸುವು ಇರಬೇಕು ಅನ್ನುವುದು ಈ ಕೆಲಸಕ್ಕೇ.

ದೊಡ್ಡ ನದಿ

ಸಾಲ್ಮನ್, ಸ್ಟೀಲ್‌ಹೆಡ್ ಬರುವ ಅಗಲವಾದ ನದಿಗೆ ಎರಡು ಕೈಯಲ್ಲಿ ಹಿಡಿಯುವ ಸ್ಪೇ ರಾಡ್ ಇದೆ. ಸ್ಕಾಟ್ಲೆಂಡಿನ ಸ್ಪೇ ನದಿಯಿಂದ ಬಂದ ಹೆಸರು. ಹನ್ನೆರಡೂವರೆಯಿಂದ ಹದಿನೈದು ಅಡಿ ಉದ್ದ. ಹಿಂದೆ ಗೋಡೆಯಂತೆ ದಡ, ಮರ ಇದ್ದರೂ ಎಸೆಯಬಹುದು. ಲೈನ್ ಹಿಂದಕ್ಕೆ ಪೂರ್ತಿ ಹಾರುವುದಿಲ್ಲ. ತುದಿ ನೀರಿನ ಮೇಲೆ ಊರಿಕೊಂಡಿರುತ್ತದೆ, ಉಳಿದದ್ದು ನಿಮ್ಮ ಪಕ್ಕದಲ್ಲಿ ಇಂಗ್ಲಿಷಿನ ಡಿ ಅಕ್ಷರದ ಆಕಾರಕ್ಕೆ ಬಂದು ಮುಂದಕ್ಕೆ ಹೋಗುತ್ತದೆ.

ಒಂದು ಎಚ್ಚರಿಕೆ. ಸ್ಪೇ ರಾಡಿನ 7ಕ್ಕೂ ಒಂಟಿ ಕೈ ರಾಡಿನ 7ಕ್ಕೂ ಸಂಬಂಧವಿಲ್ಲ. ಒಂಟಿ ಕೈಯ 7ನೇ ನಂಬರ್ ಲೈನ್ 185 ಗ್ರೇನ್. ಸ್ಪೇ 7ಕ್ಕೆ ಹಾಕುವ ಲೈನಿನ ತಲೆ, ಅಂದರೆ ಮುಂಭಾಗದ ಭಾರದ ತುಂಡು, 450 ಗ್ರೇನ್ ಆಸುಪಾಸು, ಎಷ್ಟೋ ಸಲ ಅದಕ್ಕೂ ಜಾಸ್ತಿ. ನಂಬರ್ ನೋಡಿ ಲೈನ್ ತರಬೇಡಿ, ರಾಡ್ ಮಾಡಿದವರು ಹೇಳಿದ ಗ್ರೇನ್ ನೋಡಿ ತನ್ನಿ.

ಮಹಶೀರ್‌ನಂಥ, ಕಚ್ಚಿದ ಕೂಡಲೇ ಸೆಳವಿಗೆ ನುಗ್ಗಿ ಬಂಡೆಗಳ ನಡುವೆ ಓಡುವ ಮೀನಿಗೆ ಒಂಬತ್ತು ಅಡಿಯ 8ರಿಂದ 10 ವೇಟ್ ಒಂಟಿ ಕೈ ರಾಡ್ ನನಗೆ ಹೆಚ್ಚು ಸರಿ ಕಾಣುತ್ತದೆ. ಅಲ್ಲಿ ದೂರಕ್ಕಿಂತ ತಡೆಯುವ ಬಲ ಮುಖ್ಯ.

ಕಡಲು

ತಿಳಿಯಾದ ಆಳವಿಲ್ಲದ ಕಡಲಲ್ಲಿ ಮೀನನ್ನು ಮೊದಲು ಕಣ್ಣಲ್ಲಿ ಹಿಡಿಯಬೇಕು, ಆಮೇಲೆ ಫ್ಲೈಯಲ್ಲಿ. ಬೋನ್‌ಫಿಶ್ 50 ಅಡಿಯಲ್ಲಿ ಕಾಣಿಸಿತು ಅಂದರೆ ನಿಮಗೆ ಸಿಗುವುದು ಕೆಲವೇ ಸೆಕೆಂಡ್. ಎರಡೇ ಬೀಸಿನಲ್ಲಿ, ಎದುರುಗಾಳಿಗೆ, ಅದರ ಮೂತಿಯ ಮುಂದೆ ಫ್ಲೈ ಇಳಿಸಬೇಕು. ತೊರೆಯಲ್ಲಿ ನಾನು ಬೇಡ ಅಂದ ಬಿರುಸು ರಾಡ್ ಇಲ್ಲಿ ಬೇಕೇ ಬೇಕು. ಒಂಬತ್ತು ಅಡಿಯ 8 ವೇಟ್ ಇದಕ್ಕೆ ಮಾಮೂಲಿ ಆಯ್ಕೆ. ಪರ್ಮಿಟ್‌ಗೆ 9 ಅಥವಾ 10, ಟಾರ್ಪನ್‌ಗೆ 11 ಅಥವಾ 12. ಜೈಂಟ್ ಟ್ರೆವಲಿಗೆ 12ಕ್ಕಿಂತ ಕೆಳಗೆ ಹೋಗಬೇಡಿ.

ಹಿಡಿ ಫುಲ್ ವೆಲ್ಸ್ ಆಕಾರದ್ದಿರಲಿ, ಎರಡೂ ತುದಿ ಉಬ್ಬಿ ನಡುವೆ ತಗ್ಗಿದ್ದು. ಹೆಬ್ಬೆರಳು ಒತ್ತಲು ಜಾಗ ಸಿಗುತ್ತದೆ. ರೀಲಿನ ಕೆಳಗೆ ಒಂದೆರಡು ಇಂಚಿನ ಫೈಟಿಂಗ್ ಬಟ್ ಇರಲಿ, ಮೀನು ಓಡುವಾಗ ಹೊಟ್ಟೆಗೆ ಆನಿಸಿಕೊಳ್ಳಲು. ರೀಲ್ ಸೀಟ್ ಉಪ್ಪು ತಡೆಯುವ ಅನೊಡೈಸ್ಡ್ ಅಲ್ಯೂಮಿನಿಯಂ ಆಗಿರಲಿ. ಮರದ ಸೀಟ್ ನೋಡಲು ಚೆಂದ, ಕಡಲಿಗೆ ಬೇಡ.

ಲೈನೂ ಬೇರೆಯೇ. ತಂಪು ನೀರಿನ ಲೈನ್ ಬಿಸಿಲಲ್ಲಿ ಮೆತ್ತಗಾಗಿ ಗೈಡುಗಳಿಗೆ, ಅಂದರೆ ಲೈನ್ ಹಾಯುವ ರಾಡಿನ ಉಂಗುರಗಳಿಗೆ, ಅಂಟುತ್ತದೆ. ಬಿಸಿ ಸೀಮೆಗೆ ಮಾಡಿದ ಲೈನ್ ತಂಪು ನೀರಲ್ಲಿ ಸ್ಪ್ರಿಂಗಿನಂತೆ ಸುರುಳಿ ಸುತ್ತುತ್ತದೆ. ಡಬ್ಬದ ಮೇಲೆ ಬರೆದಿರುತ್ತದೆ, ಓದಿ.

ಬಾಗು ಮತ್ತು ಮೈ

ಅಂಗಡಿಯವರು ಫಾಸ್ಟ್, ಮೀಡಿಯಂ, ಸ್ಲೋ ಅನ್ನುತ್ತಾರೆ. ಫಾಸ್ಟ್ ರಾಡ್ ತುದಿಯ ಕಡೆ ಬಾಗಿ ಬೇಗ ನೆಟ್ಟಗಾಗುತ್ತದೆ. ಮೀಡಿಯಂ ನಡುವಿನ ತನಕ ಬಾಗುತ್ತದೆ. ಸ್ಲೋ ಹಿಡಿಯ ತನಕ. ಆದರೆ ಒಬ್ಬರ ಫಾಸ್ಟ್ ಇನ್ನೊಬ್ಬರ ಮೀಡಿಯಂ. ಎಲ್ಲರೂ ಒಪ್ಪಿದ ಅಳತೆ ಇದಕ್ಕೆ ಇಲ್ಲ. ಆ ಚೀಟಿ ನಂಬಬೇಡಿ, ಕೈ ನಂಬಿ.

ರಾಡಿನ ಮೈಯದ್ದೂ ಒಂದು ಕಥೆ. ಬಹಳ ಕಾಲ ಒಳ್ಳೆಯ ರಾಡ್ ಅಂದರೆ ಬಿದಿರು. ದಕ್ಷಿಣ ಚೀನಾದ ಟಾಂಕಿನ್ ಬಿದಿರನ್ನು ಸೀಳಿ, ಆರು ಪಟ್ಟಿ ಮಾಡಿ, ಅಂಟಿಸಿ, ಆರು ಮುಖದ ಕೋಲು ಮಾಡುತ್ತಿದ್ದರು. ಈಗಲೂ ಮಾಡುವವರಿದ್ದಾರೆ. 1950ರಲ್ಲಿ ಅಮೆರಿಕ ಚೀನಾದ ಸರಕಿಗೆ ತಡೆ ಹಾಕಿದಾಗ ಅಲ್ಲಿನ ತಯಾರಕರಿಗೆ ಆ ಬಿದಿರು ಸಿಗದಾಯಿತು. ಅಷ್ಟರಲ್ಲಿ ಫೈಬರ್‌ಗ್ಲಾಸ್ ಬಂದಿತ್ತು, ಜಾಗ ಹಿಡಿಯಿತು. 1970ರ ದಶಕದಲ್ಲಿ ಗ್ರಾಫೈಟ್ ಬಂದು ಎರಡನ್ನೂ ಪಕ್ಕಕ್ಕೆ ಸರಿಸಿತು. ಹಗುರ, ಬಿರುಸು, ಉದ್ದ ಮಾಡಿದರೂ ಜೋಲುವುದಿಲ್ಲ. ಒಂಬತ್ತು ಅಡಿ ಮಾಮೂಲಾಗಿದ್ದಕ್ಕೆ ಗ್ರಾಫೈಟೇ ದೊಡ್ಡ ಕಾರಣ.

ಹಾಗಂತ ಗ್ರಾಫೈಟ್ ಎಲ್ಲದಕ್ಕೂ ಮೇಲು ಅಂತ ನಾನು ಒಪ್ಪುವುದಿಲ್ಲ. 8 ಅಡಿಯ ಒಳಗೆ, 4 ವೇಟಿನ ಕೆಳಗೆ, ಫೈಬರ್‌ಗ್ಲಾಸಿಗೆ ಇರುವ ಸುಖ ಗ್ರಾಫೈಟಿಗೆ ಇಲ್ಲ. ಒಂಬತ್ತು ಅಡಿ ದಾಟಿದರೆ ಫೈಬರ್‌ಗ್ಲಾಸ್ ಒದ್ದೆ ಹಗ್ಗ. ಅಲ್ಲಿಂದಾಚೆ ಗ್ರಾಫೈಟೇ ಸರಿ.

ಮೀನು ಸಣ್ಣದಾದರೆ ಮಜಾ ಬರಲಿ ಅಂತ ತೀರಾ ಹಗುರ ರಾಡ್ ಹಿಡಿಯುವವರಿದ್ದಾರೆ. ದೊಡ್ಡ ಮೀನಿರುವ ನೀರಿಗೂ ಅದನ್ನೇ ಒಯ್ಯುತ್ತಾರೆ. ಅದು ನನಗೆ ಹಿಡಿಸುವುದಿಲ್ಲ. ಮೀನನ್ನು ಬಿಟ್ಟುಬಿಡುವವರಾದರೆ ಬೇಗ ಎಳೆದು ಬೇಗ ಬಿಡಬೇಕು. ಹಗುರ ರಾಡಿನಲ್ಲಿ ಹತ್ತು ನಿಮಿಷ ಒದ್ದಾಡಿಸಿದ ಟ್ರೌಟ್ ಈಜಿಕೊಂಡು ಹೋದರೂ ಆಮೇಲೆ ಸಾಯಬಹುದು. ನೀರು 20 ಡಿಗ್ರಿ ದಾಟಿದ ದಿನವಂತೂ ಟ್ರೌಟಿನ ಸುದ್ದಿಗೇ ಹೋಗಬೇಡಿ.

ಕೊಳ್ಳುವ ಮುಂಚೆ

ಅಂಗಡಿಯಲ್ಲಿ ರಾಡ್ ಹಿಡಿದು ಗಾಳಿಯಲ್ಲಿ ಅಲ್ಲಾಡಿಸುವುದರಿಂದ ಗೊತ್ತಾಗುವುದು ಬಹಳ ಕಡಿಮೆ. ಲೈನ್ ಇಲ್ಲದ ರಾಡಿನಲ್ಲಿ ಬಿರುಸಾದದ್ದೇ ಯಾವಾಗಲೂ ಚುರುಕು ಅನಿಸುತ್ತದೆ. ಬಯಲಿಗೆ ಒಯ್ಯಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಗೆಳೆಯರ ರಾಡ್ ಬೇಡಿ ತನ್ನಿ.

ಹುಲ್ಲಿನ ಮೇಲೆ ನಿಂತು ನಿಮ್ಮ ಮುಂದೆ 15, 30, 45 ಅಡಿಗೆ ಮೂರು ಟೋಪಿಯನ್ನೋ ಕಲ್ಲನ್ನೋ ಇಡಿ. ಗಾಳದ ಬದಲು ಲೀಡರಿನ ತುದಿಗೆ ಬಣ್ಣದ ಉಣ್ಣೆಯ ಚೂರು ಕಟ್ಟಿ. ನೀವು ಆಡುವ ನೀರು ಯಾವುದೋ ಆ ದೂರದಿಂದಲೇ ಶುರು ಮಾಡಿ. ಉಣ್ಣೆ ಗುರಿಯ ಒಂದು ಮೊಳದೊಳಗೆ ಬೀಳುತ್ತಿದೆಯಾ? ಲೀಡರ್ ನೆಟ್ಟಗೆ ಬಿಚ್ಚಿಕೊಳ್ಳುತ್ತದಾ, ಮುದ್ದೆಯಾಗಿ ಬೀಳುತ್ತದಾ? ಆಮೇಲೆ ಕಣ್ಣು ಮುಚ್ಚಿ ನಾಲ್ಕೈದು ಸಲ ಬೀಸಿ. ಹಿಂದಕ್ಕೆ ಹೋದ ಲೈನ್ ಚಾಚಿಕೊಂಡ ಕ್ಷಣ ಅಂಗೈಗೆ ಒಂದು ಸಣ್ಣ ಎಳೆತ ಸಿಗಬೇಕು. ಅದು ಸಿಗದ ರಾಡ್, ಎಷ್ಟೇ ದೂರ ಎಸೆಯಲಿ, ನನಗೆ ಬೇಡ. ಕತ್ತಲಾಗುವ ಹೊತ್ತಿಗೆ ಲೈನ್ ಕಾಣುವುದಿಲ್ಲ, ಆಗ ಆ ಎಳೆತವನ್ನೇ ನಂಬಿ ಎಸೆಯಬೇಕು.

ಪರೀಕ್ಷೆಗೆ ಹಾಕಿರುವ ಲೈನ್ ಯಾವುದು ಅಂತಲೂ ನೋಡಿ. ಈಗಿನ ಎಷ್ಟೋ ಲೈನುಗಳು ಡಬ್ಬದ ಮೇಲಿನ ನಂಬರಿಗಿಂತ ಅರ್ಧ ನಂಬರ್, ಒಂದು ನಂಬರ್ ಭಾರ ಇರುತ್ತವೆ. ಬಿರುಸು ರಾಡುಗಳನ್ನು ಬಗ್ಗಿಸಲಿ ಅಂತ ಹಾಗೆ ಮಾಡುತ್ತಾರೆ. 5 ಅಂತ ಬರೆದು ಒಳಗೆ 160 ಗ್ರೇನ್ ಇದ್ದರೆ ನಿಮ್ಮ ಕೈಯಲ್ಲಿರುವುದು 6ರ ಲೈನ್. ರಾಡ್ ಮೆತ್ತಗಿದೆ ಅಂತ ದೂರುವ ಮುಂಚೆ ಗ್ರೇನ್ ಓದಿ.

ಹಳೆಯ ರಾಡ್ ಕೊಳ್ಳುವಾಗ ಬುಡದಿಂದ ತುದಿಗೆ ಕಣ್ಣು ಹಾಯಿಸಿ, ನೆಟ್ಟಗಿದೆಯಾ ನೋಡಿ. ಗೈಡುಗಳೊಳಗೆ ಹತ್ತಿಯ ಚೂರು ಎಳೆಯಿರಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಅದು ನಿಮ್ಮ ಲೈನನ್ನು ಸವೆಸುತ್ತದೆ. ಗ್ರಾಫೈಟಿನ ಮೈ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡರೆ ಬಿಟ್ಟುಬಿಡಿ. ಟಂಗ್‌ಸ್ಟನ್ ಮಣಿ ಬಡಿದ ಗುರುತು ಇರಬಹುದು. ಅಂಥ ರಾಡ್ ಇವತ್ತು ಮುರಿಯುವುದಿಲ್ಲ, ಮುಂದೆ ಯಾವತ್ತೋ ಒಳ್ಳೆಯ ಮೀನು ಸಿಕ್ಕಾಗ ಆ ಚುಕ್ಕೆಯಲ್ಲೇ ಮುರಿಯುತ್ತದೆ.

ಮುರಿಯದಂತೆ

ಮೀನಿನಿಂದ ಮುರಿಯುವ ರಾಡಿಗಿಂತ ಕಾರಿನ ಬಾಗಿಲು, ಫ್ಯಾನ್, ಕಾಲ್ತುಳಿತಕ್ಕೆ ಮುರಿಯುವ ರಾಡೇ ಜಾಸ್ತಿ. ಮೀನು ಹತ್ತಿರ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಎತ್ತಬೇಡಿ. ಆಗ ಭಾರವೆಲ್ಲ ಪೆನ್ಸಿಲಿಗಿಂತ ಸಣ್ಣ ತುದಿಯ ಮೇಲೆ ಬೀಳುತ್ತದೆ. ರಾಡನ್ನು ಪಕ್ಕಕ್ಕೆ, ತಗ್ಗಿಸಿ ಹಿಡಿದು ಬುಡದಿಂದ ಎಳೆಯಿರಿ.

ತುಂಡುಗಳನ್ನು ಸೇರಿಸುವಾಗ ಗೈಡುಗಳು ಚೂರು ಓರೆಯಾಗಿರುವಂತೆ ಹಿಡಿದು, ಒತ್ತುತ್ತಾ ತಿರುಗಿಸಿ ಸಾಲಿಗೆ ತನ್ನಿ. ಎಸೆಯುತ್ತಾ ಎಸೆಯುತ್ತಾ ಜೋಡಣೆ ಸಡಿಲವಾಗುತ್ತದೆ, ಆಗಾಗ ಮುಟ್ಟಿ ನೋಡಿ. ಸಡಿಲವಾದ ಜೋಡಣೆಯಲ್ಲೇ ಬಲವಾಗಿ ಎಸೆದರೆ ಅದು ಸೀಳುತ್ತದೆ. ಇನ್ನೊಂದರ ಒಳಗೆ ಹೋಗುವ ಗಂಡು ತುದಿಗೆ ಮೇಣದಬತ್ತಿಯನ್ನು ಒಂದು ಸಲ ಉಜ್ಜಿದರೆ ಸಡಿಲಾಗುವುದೂ ಕಡಿಮೆ, ಸಿಕ್ಕಿಕೊಳ್ಳುವುದೂ ಕಡಿಮೆ. ಸಿಕ್ಕಿಕೊಂಡರೆ ಗೈಡ್ ಹಿಡಿದು ತಿರುಚಬೇಡಿ. ಇಬ್ಬರು ಎದುರುಬದುರು ನಿಂತು, ಇಬ್ಬರೂ ಜೋಡಣೆಯ ಎರಡೂ ಕಡೆ ಒಂದೊಂದು ಕೈ ಇಟ್ಟು, ನೇರವಾಗಿ ಎಳೆಯಿರಿ.

ಕಡಲಿಂದ ಬಂದ ದಿನ ರಾಡ್, ರೀಲ್ ಎರಡನ್ನೂ ಸಿಹಿನೀರಲ್ಲಿ ತೊಳೆಯಿರಿ, ರೀಲನ್ನು ಬಿಚ್ಚಿ ಸೀಟಿನ ಮರೆಗಳನ್ನೂ ತೊಳೆಯಿರಿ. ಯಾವ ನೀರಿನಿಂದ ಬಂದರೂ ಒದ್ದೆ ರಾಡನ್ನು ಕೊಳವೆಯೊಳಗೆ ಮುಚ್ಚಿಡಬೇಡಿ. ಮೈ ಮೇಲಿನ ವಾರ್ನಿಷ್ ಗುಳ್ಳೆ ಏಳುತ್ತದೆ, ಕಾರ್ಕಿಗೆ ಬೂಷ್ಟು ಹಿಡಿಯುತ್ತದೆ. ರಾತ್ರಿಯಿಡೀ ನೆರಳಲ್ಲಿ ಆರಲಿ, ಬೆಳಗ್ಗೆ ಚೀಲಕ್ಕೆ ಹಾಕಿ.